ಎಂಬತ್ತನಾಲ್ಕು ಕಿಲೋ

ಮೆರಿನ್ ತನ್ನ ತಂದೆಯ ಗಾಡಿಯನ್ನು ಟ್ರೇಲರಿನ ಮೇಲೆ ಹೇರಿಸಿಕೊಂಡು ಕ್ವಾರ್ನ್ ಊರಿನ ನನ್ನ ಕಾರ್ಯಾಗಾರಕ್ಕೆ ಬಂದದ್ದು ಏಪ್ರಿಲ್ ತಿಂಗಳ ಮೊದಲ ಸೋಮವಾರ. ಅವಳ ತಂದೆ ಕ್ಲೆಮ್ ನನ್ನ ತಮ್ಮ. ಮೂವತ್ತೊಂದು ವರ್ಷಗಳ ಹಿಂದೆ ಅವನು ಇದೇ ಗಾಡಿಯಲ್ಲಿ ಸಿಂಪ್ಸನ್ ಮರುಭೂಮಿಯನ್ನು ಒಬ್ಬನೇ ದಾಟಲು ಹೊರಟ. ನಡುದಾರಿಯಲ್ಲಿ ಆಕ್ಸಲ್ ಮುರಿಯಿತು. ಗಾಡಿಯ ನೆರಳಿನಲ್ಲೇ ಕುಳಿತು, ನೀರಿಲ್ಲದೆ ಸತ್ತ. ಅಂದು ಗಾಡಿಯನ್ನು ಆ ಪ್ರಯಾಣಕ್ಕೆ ಸಜ್ಜುಗೊಳಿಸಿದವನು ನಾನು.

ನೀರು ತುಂಬಿದ ನಾಲ್ಕು ಡಬ್ಬಗಳು ಅವನ ಮನೆಯ ಹಿಂದಿನ ಶೆಡ್ಡಿನಲ್ಲಿ ಸಿಕ್ಕವು. ಅಂದಿನಿಂದ ಊರಿಗೆ ಅವನು, ನೀರನ್ನು ಮನೆಯಲ್ಲೇ ಮರೆತು ಮರಳುಗಾಡಿಗೆ ಹೋದ ಮೂರ್ಖ. ಅವನ ಹೆಂಡತಿಯೂ ಸಾಯುವವರೆಗೆ ಹಾಗೆಯೇ ಅಂದಳು.

"ದೊಡ್ಡಪ್ಪ, ಮೇ ಹದಿನೈದಕ್ಕೆ ಹೊರಡ್ತೀನಿ," ಎಂದಳು ಮೆರಿನ್. "ಅಪ್ಪ ಹೋದ ದಾರೀಲೇ. ರೆಡಿ ಮಾಡಿಕೊಡಿ."

"ಹೊಸ ಗಾಡಿ ತಗೊ."

"ಹೊಸದಕ್ಕೆ ದಾರಿ ಗೊತ್ತಿರಲ್ಲ."

"ಇದಕ್ಕೂ ಅರ್ಧ ದಾರೀನೇ ಗೊತ್ತಿರೋದು."

ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಅಪ್ಪ ಮರೆಗುಳಿ ಆಗಿರಲಿಲ್ಲ ದೊಡ್ಡಪ್ಪ. ನಂಗೆ ಆಗ ನಾಲ್ಕು ವರ್ಷ. ಆದರೂ ಗೊತ್ತು. ಆ ನೀರು ಯಾಕೆ ಬಿಟ್ಟು ಹೋದ ಅಂತ ಅಲ್ಲಿಗೆ ಹೋಗಿ ಕೂತ್ರೆ ಹೊಳೀಬಹುದು."

ನಾನು ಬಾನೆಟ್ ಎತ್ತಿದೆ.

ಐದು ವಾರ ಕೆಲಸ ನಡೆಯಿತು. ಹಳೆಯ ಸ್ಪ್ರಿಂಗ್ ಪಟ್ಟಿಗಳನ್ನು ಕಿತ್ತು ದಪ್ಪನೆಯವನ್ನು ಹಾಕಿದೆ. ಗಾಡಿ ಎರಡು ಅಂಗುಲ ಮೇಲೆದ್ದಿತು. ತಳದಲ್ಲಿ ಎರಡನೆಯ ಡೀಸೆಲ್ ಟ್ಯಾಂಕ್, ಹಿಂದೆ ಎರಡನೆಯ ಬ್ಯಾಟರಿ, ಮರಳಿನ ದಿಬ್ಬದ ಆಚೆಯವರಿಗೂ ಕಾಣುವಂತೆ ಮುಂಭಾಗದಲ್ಲಿ ಬಾವುಟದ ಉದ್ದ ಕೋಲು. ಆಸನಗಳಿಗೆ ಹೊಸ ಸ್ಪಂಜು. ಕೂಡಿಸುವ ಮುನ್ನ ಪ್ರತಿಯೊಂದನ್ನೂ ತೂಗಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಹೀಗೆ ಮಾರ್ಪಡಿಸಿದ ಗಾಡಿ ರಸ್ತೆಗಿಳಿಯಲು ಎಂಜಿನಿಯರನ ಸಹಿ ಬೇಕು, ಇಲ್ಲಿ ಆ ಸಹಿ ನನ್ನದೇ; ಸಹಿಗೆ ತೂಕ ಬೇಕು. ಈ ಗಾಡಿಯ ಮಿತಿ ಮೂರು ಸಾವಿರದ ಮುನ್ನೂರು ಕಿಲೋ. ಬರಿ ಗಾಡಿಯೂ ಆರು ಡಬ್ಬ ನೀರೂ ಸೇರಿ ಗೋಡೆಯ ಮೊತ್ತ 3,226. ಮೆರಿನ್ ಅರವತ್ತೆರಡು. ಒಟ್ಟು 3,288. ಹನ್ನೆರಡು ಕಿಲೋ ಉಳಿತಾಯ.

ಗೋಧಿ ಗೋದಾಮಿನ ವೇಬ್ರಿಡ್ಜ್‌ಗೆ, ಲಾರಿಗಳನ್ನು ತೂಗುವ ಸೇತುವೆಗೆ, ಒಯ್ದೆವು. ಅದನ್ನು ನಡೆಸುವ ನೋಸ್ಕೆ ಕ್ಲೆಮ್‌ನ ಗಾಡಿ ತೂಗಿದ ದಿನವೂ ಅಲ್ಲೇ ಇದ್ದವನು. ಮೆರಿನ್, ನಾನು ಇಬ್ಬರೂ ಇಳಿದು ದೂರ ನಿಂತೆವು. ಅವನು ಕಿಟಕಿಯಿಂದ ತಲೆ ಹೊರಹಾಕಿದ.

"ಮೂರು ಸಾವಿರದ ಮುನ್ನೂರ ಹತ್ತು."

"ಸರಿಯಾಗಿ ನೋಡು."

"ನೋಡಿದೀನಯ್ಯಾ. ನಿನ್ನ ಲೆಕ್ಕಕ್ಕಿಂತ ಎಂಬತ್ತನಾಲ್ಕು ಜಾಸ್ತಿ. ಒಳಗೆ ಯಾರನ್ನಾದ್ರೂ ಮಲಗಿಸಿದೀಯೇನು?"

ನಾನು ಹೋಗಿ ಬಾಗಿಲು ತೆರೆದೆ. ಯಾರೂ ಇರಲಿಲ್ಲ. ಚಾಲಕನ ಆಸನದ ಹೊಸ ಸ್ಪಂಜು ನಡುವೆ ತಗ್ಗಿತ್ತು. ಅಂಗೈ ಊರಿದೆ. ನಾವು ಇಳಿದು ಬಹಳ ಹೊತ್ತಾಗಿದ್ದರೂ ಬೆಚ್ಚಗಿತ್ತು. ಬಿಸಿಲು ಬೀಳುತ್ತಿದ್ದುದು ಆಚೆ ಬದಿಗೆ.

ತೂಕ ಗೊತ್ತಿದ್ದ ಗೋಧಿ ಲಾರಿಯೊಂದನ್ನು ತೂಗಿಸಿ ನೋಡಿದೆ. ಸೇತುವೆ ಸುಳ್ಳು ಹೇಳುತ್ತಿರಲಿಲ್ಲ. ಗಾಡಿಯನ್ನು ಮರಳಿ ಒಯ್ದು, ಬಿಚ್ಚಿ, ಪ್ರತಿ ಭಾಗವನ್ನೂ ಮತ್ತೆ ತೂಗಿದೆ. ಗೋಡೆಯ ಮೊತ್ತ ಬದಲಾಗಲಿಲ್ಲ. ಬುಧವಾರ ಸೇತುವೆಯ ಮೇಲೆ ಎಂಬತ್ತನಾಲ್ಕು ಹೆಚ್ಚು. ಚಾವಣಿಯ ಮೇಲೆ ಸಾಮಾನು ಕಟ್ಟುವ ಕಂಬಿಗಳನ್ನು ಬಿಚ್ಚಿಟ್ಟು ಶುಕ್ರವಾರ ತೂಗಿದೆ. ಕಂಬಿಯಷ್ಟು ತೂಕ ಇಳಿದಿತ್ತು, ಎಂಬತ್ತನಾಲ್ಕು ಇಳಿದಿರಲಿಲ್ಲ.

ಆ ಅಂಕಿಯನ್ನು ನಾನು ಬಲ್ಲೆ. ಅದು ಕ್ಲೆಮ್‌ನ ತೂಕ.

ಕಂಬಿಗಳನ್ನು ಮತ್ತೆ ಕೂಡಿಸಿ ಸೋಮವಾರ ನಾಲ್ಕನೆಯ ಸಲ ತೂಗಿದೆವು. ಅದೇ 3,310. ಮೆರಿನ್ ಕಾಗದದಲ್ಲಿ ಕೂಡಿ ಕಳೆದು ತಲೆ ಎತ್ತಿದಳು.

"ನಾನೂ ಸೇರಿದ್ರೆ ಎಪ್ಪತ್ತೆರಡು ಕಿಲೋ ಮಿತಿ ಮೀರುತ್ತೆ, ಅಲ್ವಾ? ತಲೆ ಕೆಡಿಸ್ಕೋಬೇಡಿ ದೊಡ್ಡಪ್ಪ. ನಾಲ್ಕು ಡಬ್ಬ ನೀರು ಇಳಿಸಿಬಿಡೋಣ. ಇನ್ನೆರಡು ಇರುತ್ತಲ್ಲ."

ಅವಳು ಹಿಂದಕ್ಕೆ ಹೋಗಿ ಮೊದಲ ಡಬ್ಬದ ಪಟ್ಟಿಗೆ ಕೈ ಹಾಕಿದಳು.

"ಮುಟ್ಟಬೇಡ," ಎಂದೆ.

"ಯಾಕೆ?"

"ನಿಮ್ಮಪ್ಪ ನೀರು ಮರೆತು ಹೋಗಲಿಲ್ಲ. ನಾನು ಇಳಿಸಿದೆ."

ಅವಳ ಕೈ ಪಟ್ಟಿಯ ಮೇಲೆಯೇ ನಿಂತಿತು. ನಾನು ಹೇಳುತ್ತಾ ಹೋದೆ. ಗಾಡಿ ತೂಗುವಾಗ ಚಾಲಕ ಇಳಿದಿರಬೇಕು, ಅವನ ತೂಕವನ್ನು ಆಮೇಲೆ ಕೂಡಿಸಬೇಕು. ಇದು ನಮ್ಮ ಪದ್ಧತಿ. ಅಂದು ನಾನು ಕಚೇರಿಯೊಳಗೆ ತೂಕದ ಮುಳ್ಳನ್ನು ನೋಡುತ್ತಿದ್ದೆ, ಗಾಡಿಯನ್ನು ನೋಡಲಿಲ್ಲ. ಮುಳ್ಳು 3,300ಕ್ಕೆ ನಿಂತಿತು. ಚಾಲಕನ ಎಂಬತ್ತನಾಲ್ಕನ್ನು ಕೂಡಿಸಿ, ಹೆಚ್ಚಾಯಿತು, ಸಹಿ ಹಾಕುವುದಿಲ್ಲ ಎಂದೆ. ಇಪ್ಪತ್ತು ಲೀಟರ್ ನೀರಿನ ಡಬ್ಬ ಇಪ್ಪತ್ತೊಂದು ಕಿಲೋ. ನಾಲ್ಕು ಇಳಿಸಿದರೆ ಲೆಕ್ಕ ಶೇಷವಿಲ್ಲದೆ ಮುಗಿಯುತ್ತಿತ್ತು. ಅದಕ್ಕಾಗಿಯೇ ನೀರನ್ನು ಆರಿಸಿದೆ. ಕ್ಲೆಮ್ ಎರಡು ಮಾತು ವಾದಿಸಿ, ನಕ್ಕು, ಇಳಿಸಿದ.

ಅವನ ಶವಸಂಸ್ಕಾರದ ದಿನ ನೋಸ್ಕೆ ಕಣ್ಣೊರೆಸಿಕೊಳ್ಳುತ್ತ ನನ್ನ ಭುಜ ತಟ್ಟಿದ್ದ: "ಎಂಥಾ ಸೋಮಾರಿ ನಿನ್ನ ತಮ್ಮ! ಅವತ್ತು ಗಾಡಿ ತೂಗ್ತಿದ್ರೂ ಇಳೀಲಿಲ್ಲ ಕಣೋ, ಒಳಗೇ ಟೋಪಿ ಮುಚ್ಕೊಂಡು ಗೊರಕೆ ಹೊಡೀತಿದ್ದ." ಅದರ ಅರ್ಥ ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು. ಒಬ್ಬನನ್ನೇ ಎರಡು ಸಲ ಎಣಿಸಿದ್ದೆ.

ಮೆರಿನ್ ಪಟ್ಟಿಯಿಂದ ಕೈ ತೆಗೆದಳು. ಆಮೇಲೆ ಪಾಠ ಒಪ್ಪಿಸಿಕೊಳ್ಳುವವಳಂತೆ ಕೇಳಿದಳು.

"ಅಲ್ಲಿ ದಿನಕ್ಕೆ ಎಷ್ಟು ನೀರು ಬೇಕು?"

"ಎಂಟು ಲೀಟರ್."

"ಅಪ್ಪನ ಹತ್ರ ಎಷ್ಟಿತ್ತು?"

"ನಲವತ್ತು. ಐದು ದಿನಕ್ಕೆ. ಆರನೇ ದಿನ ತೀರಿಕೊಂಡ."

"ಹುಡುಕೋಕೆ ಹೋದ ವಿಮಾನದವರು ನೋಡಿದ್ದು?"

"ಒಂಬತ್ತನೇ ದಿನ."

"ಆ ನಾಲ್ಕು ಡಬ್ಬ ಇದ್ದಿದ್ರೆ?"

"ಹದಿನೈದು ದಿನ."

ಗಾಡಿಯ ಸ್ಪ್ರಿಂಗು ಸಣ್ಣಗೆ ಕಿರುಗುಟ್ಟಿತು, ಒಳಗೆ ಕುಳಿತವರು ಮಗ್ಗುಲು ಬದಲಿಸಿದಂತೆ. ಇಬ್ಬರೂ ಕೇಳಿದೆವು. ಇಬ್ಬರೂ ಅತ್ತ ನೋಡಲಿಲ್ಲ.

"ಅಮ್ಮ ಸಾಯೋತನಕ ಅವನನ್ನ ಬೈದಳು," ಎಂದಳು. "ನೀವು ಪ್ರತಿ ಭಾನುವಾರ ನಮ್ಮನೇಲಿ ಊಟಕ್ಕೆ ಕೂತು ಅದನ್ನ ಕೇಳಿಸ್ಕೊಂಡ್ರಿ."

"ಹೌದು."

"ನಂಗೆ ಹೇಳಿದ್ದು ಸಾಲದು. ಮೊದಲು ಅವರಿಗೆ ಹೇಳಿ." ನೋಸ್ಕೆಯ ಕಿಟಕಿಯತ್ತ ಬೆರಳು ತೋರಿಸಿದಳು. "ಆಮೇಲೆ ಊರಿಗೆ. ಮುಗಿಯೋತನಕ ನಾನೂ ಗಾಡೀನೂ ಇಲ್ಲಿಂದ ಅಲ್ಲಾಡಲ್ಲ."

ನೋಸ್ಕೆಗೆ ಹೇಳಿದೆ. ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ. "ಮೂವತ್ತೊಂದು ವರ್ಷ ಆ ಕಥೆ ಹೇಳಿ ನಗಿಸಿದೀನಲ್ಲೋ, ಪಾಪಿ," ಎಂದ. ಯಾರಿಗೆ ಅಂದನೆಂದು ಕೇಳಲಿಲ್ಲ.

ಗೋದಾಮಿನಿಂದ ಪೇಟೆಗೆ ಎಂಟು ನೂರು ಮೀಟರ್. ನಡೆದೆ. ಆ ಬೀದಿಯಲ್ಲಿ ಕ್ಲೆಮ್‌ನನ್ನು ಮೂರ್ಖನೆಂದು ಕರೆದ ಮನೆಗಳು, ನಾನು ಬಲ್ಲಂತೆ, ಹನ್ನೊಂದು. ಎಡಬದಿಯಿಂದ ಆರಂಭಿಸಿ ಮೊದಲ ಬಾಗಿಲು ತಟ್ಟಿದೆ.