ಬಾವಿನ ಗುಳಿಗಿ

ಮಗಳು ಏನು ಕೆಲಸ ಮಾಡುತ್ತಾಳೆಂದು ತಿಕೋಟಾದಲ್ಲಿ ಯಾರಾದರೂ ಕೇಳಿದರೆ ಧೂಳಪ್ಪ "ದವಾಖಾನ್ಯಾಗ" ಎಂದಷ್ಟೇ ಹೇಳಿ ಕುರಿಗಳ ಕಡೆ ತಿರುಗುತ್ತಿದ್ದ. ಕಸ್ತೂರಿ ವಿಜಯಪುರದ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷಿಸುತ್ತಾಳೆಂದು ಊರಿಗೆಲ್ಲ ಸಾರಿದವಳು ಅವನ ಅಕ್ಕ, ಬಬಲೇಶ್ವರದ ಹುಚ್ಚವ್ವ. "ಹೆಸರು ಕಸ್ತೂರಿ, ಮೂಸೂದು ಮಂದಿ ಉಚ್ಚಿ" ಎಂದು ಸಂತೆಯಲ್ಲಿ ನಿಂತು ನಕ್ಕಿದ್ದಳು.

ಈಗ ಆ ಹುಚ್ಚವ್ವನೇ ಅದೇ ಆಸ್ಪತ್ರೆಯ ಮಂಚದ ಮೇಲಿದ್ದಳು. ತಮ್ಮನ ಮನೆಗೆ ಬಂದಿದ್ದಾಗ ಎರಡು ದಿನ ವಾಂತಿ, ಭೇದಿ. ಮೂರನೆಯ ದಿನ ಉಚ್ಚೆ ಹನಿಯಷ್ಟು. ರಕ್ತದ ವರದಿ ನೋಡಿ ಡಾಕ್ಟರ್ ವಿದ್ಯಾವತಿ, ಕಿಡ್ನಿ ಕೆಲಸ ನಿಲ್ಲಿಸುತ್ತಿದೆ ಎಂದರು.

"ಯಾಕ್ರಿ?" ಎಂದ ಧೂಳಪ್ಪ.

"ಅದನ್ನ ತಿಳ್ಕೋಬೇಕು. ಮೈಯಾಗ ನೀರು ಕಡಿಮಿ ಆಗಿದ್ರ ಸಲೈನ್ ಸಾಕು. ಕಿಡ್ನಿಗೇ ಪೆಟ್ಟು ಬಿದ್ದಿದ್ರ, ಸಲೈನ್ ಹೆಚ್ಚಾದ್ರ ಎದಿಯಾಗ ನೀರು ತುಂಬತೈತಿ. ಉಚ್ಚಿಯೊಳಗಿನ ಸೋಡಿಯಂ, ಅಂದ್ರ ಉಪ್ಪು, ನೋಡೂಣು. ನೀರಡಿಸಿದ ಕಿಡ್ನಿ ಉಪ್ಪು ಹೊರಗ ಬಿಡಂಗಿಲ್ಲ. ನೀರಿನ ಗುಳಿಗಿ ಏನರ ತಗೋತಾರೇನ್ರಿ?"

ಕುಡಿಯುವ ನೀರಿನ ಕೊಡಕ್ಕೆ ಹಾಕುವ ಬಿಳಿ ಗುಳಿಗೆ ಧೂಳಪ್ಪನ ಕಣ್ಣಮುಂದೆ ಬಂತು. "ಇಲ್ರಿ" ಎಂದ.

ಮೂತ್ರದಲ್ಲಿ ಉಪ್ಪು ಧಾರಾಳವಾಗಿತ್ತು. ಪೆಟ್ಟು ಕಿಡ್ನಿಗೇ ಬಿದ್ದಂತಿದೆ ಎಂದು ಡಾಕ್ಟರು ಸಲೈನ್ ತಗ್ಗಿಸಿದರು. ಡಯಾಲಿಸಿಸ್‌ಗೂ ತಯಾರಿರಿ ಎಂದರು. ಧೂಳಪ್ಪ ಹೊರಗಿನ ಬೆಂಚಿನ ಮೇಲೆ ಕೂತ.

ಅಲ್ಲಿಗೆ ಕಸ್ತೂರಿ ಬಂದಳು. "ಯಪ್ಪಾ, ಅತ್ತಿ ನಾಲಿಗಿ ಒಣಗಿ ಚಕ್ಕಿ ಆಗೇತಿ. ಇಷ್ಟು ಉಪ್ಪು ಹೋಗೂದು ಹೊಂದವಲ್ದು. ಕಾಲು ಬಾತಿದ್ದಕ್ಕ ಆಕಿ ಏನರ ತಗೋತಾಳೇನು?"

"ಬಾವಿನ ಗುಳಿಗಿ? ದಿನಾ ಮುಂಜಾನೆ. ವಾಂತಿ ಆದ ದಿನಾನೂ ಬಿಟ್ಟಿಲ್ಲ."

"ಮತ್ತ ಡಾಕ್ಟರಿಗೆ ಇಲ್ಲ ಅಂದಿ?"

"ಅವ್ರು ನೀರಿನ ಗುಳಿಗಿ ಕೇಳಿದ್ರವಾ."

"ಅದೂ ಇದೂ ಒಂದ. ಉಚ್ಚಿ ಹೆಚ್ಚ ಮಾಡಿ ಬಾವು ಇಳಸತೈತಿ. ಕಿಡ್ನಿ ಉಪ್ಪು ಬಿಗಿ ಹಿಡಕೊಂಡ್ರೂ ಈ ಗುಳಿಗಿ ಕಸಕೊಂಡು ಹೊರಗ ಹಾಕತೈತಿ."

ಅವಳು ಡಾಕ್ಟರ ಕೋಣೆಗೆ ನಡೆದಳು. ಧೂಳಪ್ಪ ಬಾಗಿಲಲ್ಲಿ ನಿಂತ.

"ಮೇಡಂ, ಪೇಶಂಟ್ ಬಾವಿನ ಗುಳಿಗಿ ತಗೊಂಡಾರ್ರಿ. ಸೋಡಿಯಂ ನಂಬಾಕ ಬರಂಗಿಲ್ರಿ. ಅದ ಸ್ಯಾಂಪಲ್‌ದಾಗ ಯೂರಿಯಾ ನೋಡ್ಲೇನ್ರಿ? ನೀರಡಿಸಿದ ಕಿಡ್ನಿ ಅದನ್ನೂ ಹೊರಗ ಬಿಡಂಗಿಲ್ಲ, ಗುಳಿಗಿ ಆ ಲೆಕ್ಕ ಅಷ್ಟು ಕೆಡಸಂಗಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ನಾನು ಕೇಳಿದ ರೀತಿನ ತಪ್ಪಾತು. ಲಗೂ ನೋಡವಾ."

ಕಿಡ್ನಿ ಯೂರಿಯಾವನ್ನು ಹೊರಗೆ ಬಿಡದೆ ಹಿಡಿದುಕೊಂಡಿತ್ತು. ಅದಕ್ಕೆ ಆಗಿದ್ದು ಬರೀ ನೀರಡಿಕೆ. ಡಾಕ್ಟರು ಹುಚ್ಚವ್ವನನ್ನು ಇನ್ನೊಮ್ಮೆ ಪರೀಕ್ಷಿಸಿ, ಗುಳಿಗೆ ಬಿಡಿಸಿ, ಸಲೈನ್ ಏರಿಸಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮಂಚದ ಕೆಳಗಿನ ಉಚ್ಚೆಯ ಚೀಲ ತುಂಬಿತು. ಡಯಾಲಿಸಿಸ್ ಮಾತು ಯಾರೂ ಎತ್ತಲಿಲ್ಲ.

ಬಿಡುಗಡೆಗೆ ಮುಂಚೆ ಕಡೆಯ ಮೂತ್ರ ಪರೀಕ್ಷೆ. ಹುಚ್ಚವ್ವ ಡಬ್ಬಿಯನ್ನು ತಮ್ಮನ ಕೈಗಿತ್ತಳು. "ಧೂಳ್ಯಾ, ಕಸ್ತೂರಿ ಕೈಯಾಗ ಕೊಡು. ಮಂದಿ ಕೈಯಾಗ ಕೊಟ್ಟೀ ಮತ್ತ."

"ಮೂಸಾಕೇನು?"

"ನಗು, ನಗು. ನಿಂದ ದಿನ."

ಹೊರಗೆ ತಿಕೋಟಾದ ಕರೆಪ್ಪ ಎದುರಾದ. "ಏನೋ ಮಾರಾಯಾ, ಅದನ್ನ ಅರಿವ್ಯಾಗ ಮುಚ್ಚದ ಹಂಗ ಹಿಡಕೊಂಡು ಹೊಂಟಿ?"

ಧೂಳಪ್ಪ ಈ ಸಲ ತಿರುಗಲಿಲ್ಲ. ಡಬ್ಬಿಯನ್ನು ಇನ್ನಷ್ಟು ನೆಟ್ಟಗೆ ಹಿಡಿದ.

"ಉಚ್ಚಿ. ನನ್ನ ಮಗಳು ನೋಡತಾಳ" ಎಂದ. "ಆಕಿ ನೋಡಿದಮ್ಯಾಲ ಡಾಕ್ಟರು ನೋಡತಾರ."