ಎಂಟನೆಯ ಮಂಚದಿಂದ ಬಂದ ಕರೆ

ಯಾರಾದರೂ ಹೆಸರು ಹಿಡಿದು ಒಂದೇ ಸಲ ಕೂಗಿದರೆ ಓಗೊಡಬಾರದು. ಮನುಷ್ಯರಾದವರು ಮತ್ತೆ ಕೂಗುತ್ತಾರೆ. ಮನುಷ್ಯರಲ್ಲದ್ದಕ್ಕೆ ಎರಡನೆಯ ಸಲ ಕೂಗುವ ಶಕ್ತಿಯಿಲ್ಲ. ಓ ಎಂದವರ ಉಸಿರು ಆ ಕೂಗಿನ ಹಿಂದೆಯೇ ಹೊರಟುಹೋಗುತ್ತದೆ. ಗುಬ್ಬಿಯ ಸುಬ್ಬಲಕ್ಷ್ಮಮ್ಮನಿಗೆ ಅವಳ ಅಜ್ಜಿ ಕೈತುತ್ತು ಹಾಕುವಾಗಲೇ ಈ ಮಾತನ್ನೂ ಉಣಿಸಿದ್ದಳು. ಮುಂದೆ ಅವಳು ತುಮಕೂರಿನ ಧರ್ಮಾಸ್ಪತ್ರೆಯೊಂದರಲ್ಲಿ ನರ್ಸಾಗಿ, ಗಡಿಯಾರ ನೋಡಿ ನಾಡಿ ಎಣಿಸುವುದನ್ನು ಕಲಿತರೂ ಆ ತುತ್ತು ಮಾತ್ರ ಅರಗಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತರ ಬೇಸಿಗೆ. ಗುಬ್ಬಿಯಲ್ಲಿ ಅವಳಿಗೆ ಅಕ್ಷರ ತಿದ್ದಿಸಿದ್ದ ವೆಂಕಟೇಶಯ್ಯ ಮೇಷ್ಟ್ರು ಹರ್ನಿಯಾ ಆಪರೇಷನ್ ಆಗಿ ಎಂಟನೆಯ ಮಂಚದಲ್ಲಿ ಮಲಗಿದ್ದರು. ಆಸ್ಪತ್ರೆಗೆಲ್ಲ ಅವಳು ನರ್ಸಮ್ಮ. ಅವರೊಬ್ಬರ ಬಾಯಲ್ಲಿ ಮಾತ್ರ 'ಸುಬ್ಬಲಕ್ಷ್ಮೀ'. ನಡುಹಗಲು ಎಲ್ಲರೂ ಮಲಗಿದ್ದ ಹೊತ್ತು, ಪಕ್ಕದ ಡ್ರೆಸಿಂಗ್ ಕೋಣೆಯಲ್ಲಿ ಬ್ಯಾಂಡೇಜು ಸುತ್ತುತ್ತಿದ್ದವಳಿಗೆ ಆ ಕರೆ ಕೇಳಿಸಿತು. ಒಂದೇ ಸಲ. ನಾಲಗೆಯ ತುದಿಗೆ ಬಂದ 'ಓ'ವನ್ನು ಅಜ್ಜಿಯ ಮಾತು ತಡೆಯಿತು. ಎರಡನೆಯ ಕೂಗಿಗೆ ಕಿವಿಗೊಟ್ಟು ಕಾದಳು. ಬರಲಿಲ್ಲ. ಕೈಯಲ್ಲಿದ್ದ ಸುರುಳಿ ಮುಗಿಸಿ ಎದ್ದು ಹೋದಾಗ ಮೇಷ್ಟ್ರ ಹೊಟ್ಟೆಯ ಮೇಲಿನ ಪಟ್ಟಿ ಮಲ್ಲಿಗೆಯಷ್ಟು ಬೆಳ್ಳಗಿತ್ತು. ಹಾಸಿಗೆಯ ಅಡಿಯಿಂದ ಮಾತ್ರ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ರಕ್ತ ಮೇಲಕ್ಕೆ ಬರದೆ ಪಕ್ಕೆಯ ಉದ್ದಕ್ಕೂ ಇಳಿದು ಬೆನ್ನಡಿ ಸೇರಿತ್ತು. ಹಿಡಿದ ಕೈಯಲ್ಲಿ ನಾಡಿ ಸಿಗಲಿಲ್ಲ.

ಶಕ್ತಿಯಿಲ್ಲದ್ದು ಎರಡನೆಯ ಸಲ ಕೂಗುವುದಿಲ್ಲ. ಅಜ್ಜಿ ಹೇಳಿದ್ದು ನಿಜವೇ ಆಗಿತ್ತು.

ವರ್ಷ ಕಳೆಯಿತು. ಕುಣಿಗಲ್ ಕಡೆಯ ಅಮೃತೂರಿನ ಹೊನ್ನಯ್ಯ ಕಾಯಿ ಕೀಳಲು ತೆಂಗಿನ ಮರ ಹತ್ತಿ, ಬಿದ್ದು, ಎಡಪಕ್ಕೆಯೊಳಗಿನ ಗುಲ್ಮ ಒಡೆದುಕೊಂಡು ಬಂದ. ಡಾಕ್ಟರು ಮುನಾವರ್ ಪಾಷಾ ಹೊಟ್ಟೆ ಕೊಯ್ದು ಗುಲ್ಮವನ್ನೇ ತೆಗೆದರು. ಖಾಲಿಯಿದ್ದದ್ದು ಎಂಟನೆಯ ಮಂಚವೊಂದೇ. ಅವನ ತಾಯಿ ಗಿರಿಯಮ್ಮ ಮಂಚದ ಕಾಲಿಗೊರಗಿ ಕೂತವಳು ಕದಲಲಿಲ್ಲ.

ಎರಡನೆಯ ದಿನ ಸುಬ್ಬಲಕ್ಷ್ಮಮ್ಮ, "ಹೊನ್ನಯ್ಯ" ಎಂದಳು. ಅವನು ಕಣ್ಣು ಬಿಟ್ಟ, ಬಾಯಿ ಬಿಡಲಿಲ್ಲ. ಅವನೂ ಎರಡನೆಯ ಕೂಗಿಗೆ ಕಾಯುತ್ತಿದ್ದಾನೆಂದು ಅವಳಿಗೆ ಅರ್ಥವಾಯಿತು. ಇನ್ನೆರಡು ಸಲ ಕೂಗಿದಳು. "ಓ" ಎಂದ. ದಿಂಬನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿಸಿ, ಕೆಮ್ಮು ಎಂದಳು.

"ಏನ್ ನರ್ಸಮ್ಮ, ಹೊಲಿದ ಹೊಟ್ಟೆನ ಹಿಂಗ್ ಅಲ್ಲಾಡುಸ್ತೀಯಲ್ಲ, ಗೋಣಿಚೀಲ ಅನ್ಕಂಡಿದ್ದೀಯಾ?" ಎಂದಳು ಗಿರಿಯಮ್ಮ.

"ಗೋಣಿಚೀಲ ಆಗಿದ್ರೆ ಮೂಲೇಲಿ ಬಿಡ್ತಿದ್ದೆ ಕಣವ್ವ. ಮಿಸುಕದೆ ಬಿದ್ಕೊಂಡ್ರೆ ಎದೇಲಿ ಕಫ ಕಟ್ಟುತ್ತೆ, ಬೆನ್ನು ಹುಣ್ಣಾಗುತ್ತೆ. ಮರ ಹತ್ತೋ ಗಂಡಿಗೆ ಕೆಮ್ಮೋಕೆ ಭಯವೇನು?"

"ಭಯ ಮರದ್ದಲ್ಲ ಬುಡು, ನಿಂದು," ಎಂದು ನರಳಿದ ಹೊನ್ನಯ್ಯ. ಆದರೂ ಕೆಮ್ಮಿದ. ಎರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ತಿರುಗಿಸಿ, ಕಾಲು ಮಡಿಸಿ ನೀಡಿಸಿ, ನಾಡಿ ಬರೆದಿಟ್ಟಳು. ಒಂದು ಮಂಚದ ಮೇಲೆ ಎರಡನೆಯ ಜೀವ ಕಳೆದುಕೊಳ್ಳಲು ಅವಳು ಸಿದ್ಧಳಾಗಿರಲಿಲ್ಲ.

ಮೂರನೆಯ ದಿನದ ನಡುಹಗಲು. ವಾರ್ಡೆಲ್ಲ ಜೋಂಪಿನಲ್ಲಿತ್ತು. ಹನ್ನೆರಡು ಗಂಟೆಗೆ ಹೊನ್ನಯ್ಯನ ನಾಡಿ ಸರಿಯಾಗಿತ್ತು. ಡ್ರೆಸಿಂಗ್ ಕೋಣೆಯಲ್ಲಿ ಅವಳು ಬ್ಯಾಂಡೇಜು ಸುತ್ತುತ್ತಿದ್ದಳು.

"ಸುಬ್ಬಲಕ್ಷ್ಮೀ."

ಒಂದೇ ಸಲ. ಸೀಮೆಸುಣ್ಣದ ಧೂಳು ತುಂಬಿದ ಅದೇ ಗಂಟಲು. ಸುರುಳಿ ಕೈಜಾರಿ, ಬಿಚ್ಚಿಕೊಳ್ಳುತ್ತ, ಬಾಗಿಲಿನ ಹೊರಗೆ ಎಂಟನೆಯ ಮಂಚದ ಕಡೆಗೆ ಉರುಳಿತು. ಅವಳು ತಲೆಯೆತ್ತಿದಳು. ಹೊನ್ನಯ್ಯ ನಿದ್ದೆಯಲ್ಲಿದ್ದ, ತುಟಿ ಮುಚ್ಚಿತ್ತು. ಅವನ ಪಕ್ಕದಲ್ಲಿ ಗಿರಿಯಮ್ಮ ಎದ್ದು ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ಮುಖದಲ್ಲಿ ರಕ್ತವಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಬೇಡ, ಬೇಡ ಎಂದು ಆಡಿಸುತ್ತಿದ್ದಳು.

ಓಗೊಟ್ಟರೆ ಏನಾಗುವುದೆಂದು ಸುಬ್ಬಲಕ್ಷ್ಮಮ್ಮ ಬಲ್ಲಳು. ಓಗೊಡದಿದ್ದರೆ ಏನಾಗುವುದೆಂದು ಅದಕ್ಕಿಂತ ಚೆನ್ನಾಗಿ ಬಲ್ಲಳು.

"ಓ! ಬಂದೆ ಮೇಷ್ಟ್ರೇ!"

ಆ ಮಾತು ಹೊರಬಿದ್ದೊಡನೆ ಅವಳ ಉಸಿರನ್ನು ಯಾರೋ ಸೇದಿಕೊಂಡಂತಾಯಿತು. ಬಾಯಲ್ಲಿ ತುಕ್ಕಿನ ರುಚಿ ಹರಡಿತು. ಎದ್ದು ಬಿದ್ದು ಓಡಿದಳು. ಹೊನ್ನಯ್ಯನ ಪಟ್ಟಿ ಬೆಳ್ಳಗಿತ್ತು, ಒಂದು ಕಲೆಯೂ ಇಲ್ಲ. ಪಟ್ಟಿಯನ್ನು ನಂಬದೆ ಅವನ ಬೆನ್ನಡಿಗೆ ಕೈ ತೂರಿಸಿದಳು. ಬೆಚ್ಚಗೆ, ಜಿಗುಟಾಗಿ, ಮೊಣಕೈಯವರೆಗೂ ಒದ್ದೆಯಾಯಿತು.

"ಡಾಕ್ಟರನ್ನ ಕೂಗವ್ವ, ಓಡು!" ಎಂದು ಗಿರಿಯಮ್ಮನನ್ನು ಅಟ್ಟಿ, ದಪ್ಪಗೆ ಮಡಿಸಿದ ಬ್ಯಾಂಡೇಜು ಬಟ್ಟೆಯನ್ನು ಗಾಯದ ಮೇಲೆ ಎರಡೂ ಅಂಗೈಯಿಂದ ಅದುಮಿ ಹಿಡಿದಳು. ಪಾಷಾ ಬಂದು ಅವನನ್ನು ಮತ್ತೆ ಆಪರೇಷನ್ ಕೋಣೆಗೆ ಒಯ್ಯುವವರೆಗೂ ಬಿಡಲಿಲ್ಲ. ಒಳಗೆ ರಕ್ತನಾಳಕ್ಕೆ ಹಾಕಿದ್ದ ಕಟ್ಟೊಂದು ಜಾರಿತ್ತು. "ಇನ್ನು ಕಾಲು ಗಂಟೆ ತಡ ಆಗಿದ್ರೆ ನನಗೆ ಕೆಲಸ ಇರ್ತಿರಲಿಲ್ಲ," ಎಂದರು ಅವರು, ಸಂಜೆ ಕೈ ತೊಳೆಯುತ್ತ.

ಹೊನ್ನಯ್ಯ ಉಳಿದ.

ಮಾರನೆಯ ಬೆಳಿಗ್ಗೆ ಎಂಟನೆಯ ಮಂಚದ ಮೇಲಿನ ಗೋಡೆಯಲ್ಲಿ ಇದ್ದಿಲಿನ ಅಕ್ಷರಗಳಿದ್ದವು: ನಾಳೆ ಬಾ. ಊರಲ್ಲಿ ಮಾರಿಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಲು ಬರೆಯುವ ಮಾತು. ಗಿರಿಯಮ್ಮ ಪಕ್ಕದ ಮಂಚದವರ ಕೈಯಲ್ಲಿ ಬರೆಸಿದ್ದಳು. ಸುಬ್ಬಲಕ್ಷ್ಮಮ್ಮ ಒದ್ದೆ ಬಟ್ಟೆ ತಂದು ಉಜ್ಜತೊಡಗಿದಳು.

"ಅಯ್ಯೋ, ಯಾಕವ್ವ ಒರುಸ್ತೀಯ? ನಿನ್ ಜೀವ ಉಳೀಲಿ ಅಂತ್ಲೇ ಕಣೇ ಬರ್ಸಿದ್ದು!"

"ನಾಳೆ ಬಂದ್ರೆ ಏನು ಬಂತು ಗಿರಿಯಮ್ಮ? ಹರಿಯೋ ರಕ್ತ ನಾಳೆವರ್ಗೂ ಕಾಯುತ್ತಾ?"

ಆ ನಡುಹಗಲಿನ ನಂತರ ಅವಳು ರಕ್ತ ಉಗುಳಿದಳೆಂದೂ, ವಾರದೊಳಗೆ ಕೂದಲು ನೆರೆಯಿತೆಂದೂ ಕುಣಿಗಲ್ಲಿನ ಕಡೆಯವರು ಹೇಳುತ್ತಾರೆ. ಕೂದಲಿಗೇನೂ ಆಗಲಿಲ್ಲ, ಏದುಸಿರು ಮಾತ್ರ ಕೊನೆಯವರೆಗೂ ಬಿಡಲಿಲ್ಲ ಎಂಬುದು ಗುಬ್ಬಿಯವರ ಮಾತು. ಇಬ್ಬರೂ ಒಪ್ಪುವುದು ಇಷ್ಟನ್ನು: ಸುಡುವ ಮಧ್ಯಾಹ್ನಗಳಲ್ಲಿ, ಯಾರೂ ಕೂಗದಿದ್ದರೂ, ಅವಳು ಇದ್ದಕ್ಕಿದ್ದಂತೆ "ಓ" ಎಂದು ಎದ್ದು, ಒಂದನೆಯ ಮಂಚದಿಂದ ಆರಂಭಿಸಿ ಪ್ರತಿಯೊಬ್ಬರ ಬೆನ್ನಡಿಗೂ ಕೈ ತೂರಿಸಿ ನೋಡುತ್ತಿದ್ದಳು. ಕೈ ಒದ್ದೆಯಾಗದೆ ಹೊರಬಂದ ದಿನಗಳು ಹೆಚ್ಚು. ಎಲ್ಲ ದಿನವೂ ಅಲ್ಲ.