ಏಳು ಕಿಸೆಯ ಅರಿವೆ

ನನ್ನ ಹೆಂಡತಿ ತಂಗೆವ್ವ ಲಿಂಗೈಕ್ಯಳಾದ ಸುದ್ದಿ ಬಂದಾಗ ನಾನು ಬೈಲಹೊಂಗಲದ ನಮ್ಮ ಮನೆಯ ದೇವರ ಕೋಣೆಯಲ್ಲಿ ದೀಪಕ್ಕೆ ಬತ್ತಿ ಹಾಕುತ್ತಿದ್ದೆ. ಗುರುವಾರ, ಬೆಳಗಿನ ಹೊತ್ತು. ಬತ್ತಿಯ ಡಬ್ಬಿ, ಎಣ್ಣೆಯ ಗಿಂಡಿ, ಬೆಂಕಿಪೆಟ್ಟಿಗೆ, ವಿಭೂತಿಗಟ್ಟಿ ಎಲ್ಲವೂ ಒಂದೇ ಬುಟ್ಟಿಯಲ್ಲಿ, ಕೈ ನೀಡಿದಲ್ಲಿ ಇದ್ದವು. ಹಿಂದಿನ ದಿನ ತವರಾದ ಸಿರಸಂಗಿಗೆ ಹೊರಡುವ ಮುನ್ನ ಅವಳೇ ಜೋಡಿಸಿಟ್ಟು ಹೋಗಿದ್ದಳು. ಭಾನುವಾರದ ತನಕ ತಮ್ಮನ ಮನೆಯಲ್ಲಿದ್ದು ಬರುವೆನೆಂದಿದ್ದಳು. ಸೊಸೆ ಉಮಾಶ್ರೀ ಫೋನು ಕಿವಿಗೆ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ನಾನೇ ಫೋನು ಇಸಿದುಕೊಂಡೆ.

“ಅಪ್ಪಾ,” ಎಂದ ಮಗ ಸಂಜು. ಯರಗಟ್ಟಿಯಲ್ಲಿ ಬೀಜ, ಗೊಬ್ಬರದ ಅಂಗಡಿ ನಡೆಸುವ ಅವನು ಆಗಲೇ ಸಿರಸಂಗಿ ಮುಟ್ಟಿದ್ದ. “ಅವ್ವ ಪೂಜಾಕ್ಕ ಕುಂತಲ್ಲೇ ಹ್ವಾದ್ಳು ಅಪ್ಪಾ. ಕರಕೊಂಡ ಬರತೇವಿ. ನೀ ಗಟ್ಟಿ ಆಗು.”

ಅಂದು ಸಂಜೆ ಹೊಲದಲ್ಲಿ ಅವಳ ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ವಿಭೂತಿಯ ನಡುವೆ ಕೂಡಿಸಿ ಮಣ್ಣು ಕೊಟ್ಟೆವು. ಮನೆಗೆ ಬಂದು ಕಾಲು ತೊಳೆದು ಪಡಸಾಲೆಯಲ್ಲಿ ಕುಳಿತಾಗ ನನ್ನ ಕಣ್ಣು ಎದುರಿನ ಗೋಡೆಗೆ ಹೋಯಿತು. ಅಲ್ಲಿ ಏಳು ಕಿಸೆಯ ಅರಿವೆ ತೂಗುತ್ತಿತ್ತು.

ಆ ಅರಿವೆಯ ವಿಷಯ ಹೇಳಬೇಕು. ತಂಗೆವ್ವನಿಗೆ ಬೀಪಿಯ ಗುಳಿಗೆ ಶುರುವಾದಾಗ, ಇವತ್ತು ನುಂಗಿದೆನೋ ಇಲ್ಲವೋ ಎಂಬ ಗೊಂದಲ ಆಗಬಾರದೆಂದು ಹಳೆಯ ಇಳಕಲ್ ಸೀರೆಯ ಸೆರಗಿನಿಂದ ಅವಳೇ ಹೊಲಿದದ್ದು. ವಾರದ ಒಂದೊಂದು ದಿನಕ್ಕೆ ಒಂದೊಂದು ಕಿಸೆ. ಸೋಮವಾರ ನಸುಕಿನಲ್ಲಿ ಉಮಾಶ್ರೀ ಏಳೂ ಕಿಸೆಗೆ ಗುಳಿಗೆ ಹಾಕುವಳು, ತಂಗೆವ್ವ ದಿನಕ್ಕೊಂದು ಖಾಲಿ ಮಾಡುವಳು. ನೋಡಿದ ಕೂಡಲೇ ಲೆಕ್ಕ ತಿಳಿಯುತ್ತಿತ್ತು.

ಮನೆಯೆಲ್ಲ ಹಾಗೆಯೇ ಇತ್ತು. ಬೆಳಗಿನ ಅಡುಗೆಗೆ ಬೇಕಾದದ್ದು ಸಂಜೆಯೇ ಒಲೆಯ ಪಕ್ಕಕ್ಕೆ ಬಂದು ಕೂಡುತ್ತಿತ್ತು. ಬೀಗದಕೈಗೆ ಒಂದು ಮೊಳೆ, ಕತ್ತರಿಗೆ ಒಂದು ಮೊಳೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಬರಿಗೈಯಲ್ಲಿ ಹೋಗುವಂತಿರಲಿಲ್ಲ. ನಾನು ಚಹಾ ಕುಡಿದು ಹಾಗೆಯೇ ಎದ್ದರೆ, “ಬರಿಗೈಲೇ ಹೊಂಟ್ರ್ಯಾ? ಆ ಕಪ್ಪ ನಿಮಗೇನ ಅನ್ಯಾಯ ಮಾಡೇತ್ರಿ?” ಎನ್ನುತ್ತಿದ್ದಳು. ಎಲ್ಲರೂ ಹೋಗುವ ದಾರಿಯಲ್ಲೇ ಒಂದೊಂದು ಸಾಮಾನು ಅದರ ಜಾಗಕ್ಕೆ ಮುಟ್ಟಿಸಿದರೆ ಓರಣ ಮಾಡುವುದೇ ಬೇರೆ ಕೆಲಸವಾಗುವುದಿಲ್ಲ ಎಂಬುದು ಅವಳ ಹಟ. ಹೀಗೆ ಉಳಿಸಿದ ಹೊತ್ತನ್ನೆಲ್ಲ ಅವಳು ಏನು ಮಾಡುತ್ತಿದ್ದಳು? ಲಿಂಗಪೂಜೆಗೆ ನೆಮ್ಮದಿಯಿಂದ ಕೂಡುತ್ತಿದ್ದಳು. ಅದಾದ ಮೇಲೆ ಕಟ್ಟೆಯ ಮೇಲೆ ನನ್ನ ಪಕ್ಕ ಸುಮ್ಮನೆ ಕುಳಿತಿರುತ್ತಿದ್ದಳು.

ಅಂದು ಆ ಅರಿವೆ ನೋಡಿದೆ. ಸೋಮವಾರದಿಂದ ಗುರುವಾರದ ತನಕದ ಕಿಸೆಗಳು ಬರಿದಾಗಿದ್ದವು, ಅದು ಸರಿ. ಶುಕ್ರವಾರದ್ದೂ ಬರಿದು. ಶನಿವಾರದ್ದೂ. ಬೆರಳು ಹಾಕಿ ನೋಡಿದೆ, ಭಾನುವಾರದ್ದೂ ಬರಿದು. ಇನ್ನೂ ಬಾರದ ದಿನಗಳ ಗುಳಿಗೆ ಎಲ್ಲಿ ಹೋದವು?

ಆಗ ಮಂಗಳವಾರದ ಸಂಜೆ ನೆನಪಾಯಿತು. ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಉಮಾಶ್ರೀ ಸಂಜುವಿಗೆ ಫೋನಿನಲ್ಲಿ ಹೇಳುತ್ತಿದ್ದಳು: “ಅತ್ತಿಯವರ ಗುಳಗಿ ಹೆಚ್ಚಾಗ್ಯಾವರಿ. ಮಾವನವರಿಗೆ ಹೇಳಬ್ಯಾಡ್ರಿ ಮತ್ತ.” ಆಗ ಅದನ್ನು ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ. ಈಗ ಆ ಮಾತು ಎದೆಯಲ್ಲಿ ಕೂತು ಏಳಲೇ ಇಲ್ಲ. ಗುಳಿಗೆ ಹೆಚ್ಚಾಗಿವೆ. ನನಗೆ ಹೇಳಬಾರದು. ಕಿಸೆಗಳು ಖಾಲಿ. ಮಾರನೆಯ ದಿನ ಊರಿಗೆ ಹೋದವಳು ತಿರುಗಿ ಬರಲಿಲ್ಲ.

ಉಮಾಶ್ರೀ ತಿಪಟೂರಿನ ಕಡೆಯವಳು. ಬಂದ ಹೊಸದರಲ್ಲಿ ನಮ್ಮ ಮಾತು ಅವಳಿಗೆ ತಿಳಿಯುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಅಕ್ಕಿ, ಎಣ್ಣೆ, ಕುಂಕುಮ ತೀರಿತು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ; ‘ಹೆಚ್ಚಾಗೇತಿ’ ಎನ್ನುತ್ತೇವೆ. ಒಮ್ಮೆ ತಂಗೆವ್ವ, “ಅಕ್ಕಿ ಹೆಚ್ಚಾಗ್ಯಾವ, ಸಂಜುಗ ಹೇಳವ್ವ” ಎಂದಿದ್ದಳು. ಈ ಹುಡುಗಿ ಗಂಡನಿಗೆ ಫೋನು ಮಾಡಿ, “ಅಕ್ಕಿ ಜಾಸ್ತಿ ಇದೆಯಂತೆ, ತರಬೇಡಿ” ಎಂದಳು. ಅಂದು ಮನೆಗೆ ಬಂದಿದ್ದ ಬೀಗರಿಗೆ ಬರೀ ರೊಟ್ಟಿ ಬಡಿಸಿದೆವು. ತಂಗೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದೇ ನಕ್ಕದ್ದು. ಆದರೆ ಅದು ಅಕ್ಕಿ, ಎಣ್ಣೆಯ ಮಾತು. ಔಷಧ ತೀರಿದರೆ ತೀರಿತು ಎನ್ನುತ್ತೇವೆ. ರೋಗ ಹೆಚ್ಚಾಗಲೆಂದು ಯಾರು ಹಾರೈಸುತ್ತಾರೆ? ಹೀಗಾಗಿ ಆ ನಗೆಯ ಸಂಗತಿಗೂ ಈ ಗುಳಿಗೆಗೂ ನಂಟಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಗೋಡೆ ಬೋಳಾಗಿತ್ತು. ಹಿತ್ತಲಿಗೆ ಹೋದೆ. ಏಳು ಕಿಸೆಯ ಅರಿವೆ ಹಗ್ಗದ ಮೇಲೆ ನೀರು ಸೋರುತ್ತ ತೂಗುತ್ತಿತ್ತು. ಪಕ್ಕದ ಮನೆಯ ರಾಚವ್ವ ಗೋಡೆಯ ಆಚೆಯಿಂದ ನೋಡುತ್ತಿದ್ದಳು.

“ಬಸಲಿಂಗಣ್ಣಾ, ನಸಕಿನ್ಯಾಗ ಎದ್ದು ಅದನ್ನ ಒಗದ ಹಾಕ್ಯಾಳ ನೋಡು ನಿನ್ನ ಸೊಸಿ. ಸಾವಾದ ಮನ್ಯಾಗ ಹತ್ತ ಕೆಲಸ ಬಿದ್ದಿರತಾವ. ಮದಲ ಅದ ಯಾಕ ಬೇಕಾಗಿತ್ತು?”

“ಏನೋವಾ,” ಎಂದೆ.

“ಅಲ್ಲಾ, ಸುಮ್ಮನ ಕೇಳಿದ್ನಿ. ನನಗ್ಯಾಕ ಬೇಕು ದೊಡ್ಡ ಮನಿ ಮಾತು,” ಎಂದು ಅಲ್ಲಿಯೇ ನಿಂತಳು.

ಅಂದಿನಿಂದ ನನಗೆ ಮನೆಯಲ್ಲಿ ಕಂಡದ್ದೆಲ್ಲ ಬೇರೆಯಾಗಿಯೇ ಕಂಡಿತು. ಉಮಾಶ್ರೀ ಸಕ್ಕರೆ, ಚಹಾಪುಡಿಯ ಡಬ್ಬಿಗಳನ್ನು ಮೇಲಿನ ಹಲಗೆಯಿಂದ ಕೆಳಕ್ಕಿಳಿಸಿದಳು. ತಂಗೆವ್ವನ ಕೈಗುರುತು ಅಳಿಸುತ್ತಿದ್ದಾಳೆ ಎಂದುಕೊಂಡೆ. ಗಂಡಹೆಂಡಿರು ದನದ ಕೊಟ್ಟಿಗೆಯ ಹತ್ತಿರ ಪಿಸುಪಿಸು ಮಾತಾಡುವರು, ನನ್ನ ಕೋಲಿನ ಸದ್ದು ಕೇಳಿ ಸುಮ್ಮನಾಗುವರು. ಒಮ್ಮೆ ಸಂಜು ಸ್ಕೂಟರಿನ ಡಿಕ್ಕಿ ತೆರೆದು ಒಳಗೆ ನೋಡುತ್ತ ನಿಂತಿದ್ದ. ನನ್ನನ್ನು ಕಂಡು ಟಪ್ಪೆಂದು ಮುಚ್ಚಿದ.

“ಏನೈತೋ ಅದರಾಗ?”

“ಏನಿಲ್ಲಪ್ಪಾ. ಒರಸೂ ಅರಿವಿ.”

ಒರೆಸುವ ಅರಿವೆಗೆ ಯಾರ ಕಣ್ಣಾದರೂ ತುಂಬಿಕೊಳ್ಳುತ್ತದೆಯೇ? ಅವನ ಕಣ್ಣು ತುಂಬಿತ್ತು.

ಪೂಜೆಗೆ ಕುಳಿತರೆ ಮನಸ್ಸು ನಿಲ್ಲದಾಯಿತು. ಅಂಗೈಯಲ್ಲಿ ಲಿಂಗ ಹಿಡಿದಿದ್ದರೂ ದೃಷ್ಟಿ ಹೊಸ್ತಿಲ ಆಚೆ ಓಡಾಡುವ ಸೊಸೆಯ ಪಾದದ ಮೇಲಿರುತ್ತಿತ್ತು. ಅವಳು ತಂದಿಟ್ಟ ಚಹಾ ಆರುವ ತನಕ ಮುಟ್ಟುತ್ತಿರಲಿಲ್ಲ. ಒಂದೆರಡು ಸಲ ತುಳಸಿಗೆ ಸುರಿದೆ. ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ. ತಂಗೆವ್ವನ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಯ ದಿನ ಬಂಧುಗಳೂ ಮಠದ ಅಯ್ಯನವರೂ ಕೂಡಿರುತ್ತಾರೆ. ಅತ್ತೆಗೆ ಎಷ್ಟು ಗುಳಿಗೆ ಕೊಟ್ಟೆ ಎಂದು ಸೊಸೆಯನ್ನು ಎಲ್ಲರೆದುರು ಕೇಳುತ್ತೇನೆ. ಹಾಗೆ ಕೇಳಿದ ಮೇಲೆ ಆ ಹುಡುಗಿ ಈ ಮನೆಯಲ್ಲಿ ಬಾಳಲಾರಳು, ಸಂಜುವೂ ನನ್ನ ಮೋರೆ ನೋಡಲಾರ. ಅದು ಗೊತ್ತಿತ್ತು. ಆದರೆ ತಂಗೆವ್ವ ಹೇಗೆ ಹೋದಳೆಂದು ತಿಳಿಯದೆ ನಾನು ಯಾವ ಬಾಯಿಂದ ಅವಳಿಗೆ ಶಾಂತಿ ಬೇಡಲಿ?

ಆರಾಧನೆಯ ಹಿಂದಿನ ದಿನ ಸಿರಸಂಗಿಯಿಂದ ತಂಗೆವ್ವನ ತಮ್ಮನ ಹೆಂಡತಿ ಮಹಾನಂದಾ ಬಂದಳು. ಬಗಲಲ್ಲಿ ತಂಗೆವ್ವನ ಕೈಚೀಲ. ನನ್ನೆದುರು ಕುಳಿತು ಅತ್ತಳು. ಉಮಾಶ್ರೀ ನೀರು ತಂದುಕೊಟ್ಟು, ಖಾಲಿ ತಂಬಿಗೆ ಎತ್ತಿಕೊಳ್ಳಲು ಬಾಗಿದಳು. ನಾಳೆಯ ತನಕ ತಡೆಯುವುದು ನನ್ನಿಂದಾಗಲಿಲ್ಲ.

“ಉಮಾ, ನಿಲ್ಲು. ನಿಮ್ಮತ್ತಿ ಗುಳಗಿ ಹೆಚ್ಚಾಗ್ಯಾವ ಅಂತ ಸಂಜುಗ ಹೇಳಿದ್ದಿ. ಹೌದೊ ಅಲ್ಲೊ?”

“ಹೌದ್ರಿ ಮಾವ.”

“ನನಗ ಹೇಳಬ್ಯಾಡ ಅಂದಿದ್ದಿ?”

“ಹೌದು. ಅತ್ತಿಯವರೇ ಅಂದಿದ್ರು…”

“ಎಷ್ಟ ಹೆಚ್ಚಾಗಿದ್ದೂ?”

“ಎಷ್ಟಂದ್ರ? ಪೂರಾ ಹೆಚ್ಚಾಗಿದ್ವು.”

ನಾನು ಮಹಾನಂದಾಳತ್ತ ತಿರುಗಿದೆ. “ಕೇಳ ಮಹಾನಂದಾ! ಪೂರಾ ಹೆಚ್ಚಾಗಿದ್ದುವಂತ. ಅಷ್ಟ ಗುಳಗಿ ನುಂಗಿದ್ರ ಹೆಣ್ಮಗಳು ಉಳೀತಾಳೇನು? ಎಷ್ಟ ಕೊಟ್ಟಿ ಅಕಿಗೆ? ಹೇಳು!”

ಉಮಾಶ್ರೀಯ ಕೈಯಿಂದ ತಂಬಿಗೆ ಜಾರಿ ಉರುಳಿತು. ಇಲ್ಲಿಯ ಮಾತೆಲ್ಲ ಅವಳ ಬಾಯಿಂದ ಹಾರಿಹೋಗಿ ತವರಿನ ಮಾತು ಬಂತು. “ಏನ್ ಮಾವ ಹೀಗಂತೀರಾ? ಕೊಡೋಕೆ ಎಲ್ಲಿತ್ತು? ಪಾಕೀಟಲ್ಲಿ ಒಂದೂ ಉಳ್ದಿರ್ಲಿಲ್ಲ! ವಾರದ ಕಿಸೆಗೆ ಹಾಕಿದ್ದೇ ಕೊನೇದು. ಮುಂದಿನ ವಾರಕ್ಕೆ ಬೇಕು, ತನ್ನಿ ಅಂತ ಹೇಳ್ದೆ. ನಿಮಗೆ ಗೊತ್ತಾದ್ರೆ ಬಿಸ್ಲಲ್ಲಿ ನೀವೇ ಅಂಗಡಿಗೆ ನಡ್ಕೊಂಡು ಹೋಗ್ತೀರ, ಹೇಳ್ಬೇಡ ಅಂದ್ರು ಅತ್ತೆ.”

“ಮತ್ತ ಹೆಚ್ಚಾಗ್ಯಾವ ಅಂದಿ?”

“ತೀರಿತು ಅನ್ಬಾರ್ದು ಅಂತ ಅತ್ತೆ ಕಲ್ಸಿದ್ರಲ್ಲ ಮಾವ!”

ಮಹಾನಂದಾ ಅಳುತ್ತಿದ್ದವಳು ಅದರ ನಡುವೆಯೇ ಹಣೆ ಬಡಿದುಕೊಂಡಳು. “ಅಯ್ಯ ನನ ಶಿವನ! ಗುಳಗಿಗೆ ಯಾರರ ಹಂಗ ಅಂತಾರೇನ ಹುಡಿಗಿ? ಅಕ್ಕಾರು ಅಕ್ಕಿಗೆ ಕಲಿಸಿದ್ದನ್ನ ನೀ ಔಷಧಕ್ಕೂ ಹಚ್ಚೀದ್ಯಾ? ಅಣ್ಣಾರ, ನೀವರ ಹಿರ್ಯಾರು, ಹೊಟ್ಟ್ಯಾಗ ಇಟಗೊಂಡು ಕುಂದ್ರೂದ ಬಿಟ್ಟು ಅವತ್ತ ಕೇಳಬಾರದಾಗಿತ್ತ?”

ಆದರೂ ನನ್ನ ಸಂಶಯ ಪೂರ್ತಿ ಇಳಿದಿರಲಿಲ್ಲ. “ಕಿಸೇದಾನ ಗುಳಗಿ ಎಲ್ಲಿ ಹ್ವಾದೂ ಹಂಗಾರ?” ಎಂದೆ.

“ಯಾವೂ?”

“ಶುಕ್ರವಾರ, ಶನಿವಾರ, ರವಿವಾರದ್ದೂ.”

ಮಹಾನಂದಾ ಕೈಚೀಲ ಬಿಚ್ಚಿದಳು. ಒಂದು ಸೀರೆ, ವಿಭೂತಿಯ ಸಂಚಿ, ಬಾಚಣಿಗೆ, ಅದರಡಿಯಲ್ಲಿ ಒಂದು ಕರವಸ್ತ್ರ. ಅದನ್ನು ನನ್ನ ಅಂಗೈಯಲ್ಲಿಟ್ಟಳು. ನಾಲ್ಕು ತುದಿಯ ಕರವಸ್ತ್ರ. ಮೂರು ತುದಿಗೆ ಮೂರು ಗಂಟುಗಳಿದ್ದವು, ಒಳಗೆ ಗುಳಿಗೆ ಬೆರಳಿಗೆ ಹತ್ತುತ್ತಿತ್ತು. ನಾಲ್ಕನೆಯ ತುದಿಯ ಗಂಟು ಬಿಚ್ಚಿತ್ತು. ಅರಿವೆ ಮಾತ್ರ ಇನ್ನೂ ಮುದುರಿಕೊಂಡೇ ಇತ್ತು.

“ಅದು ಬೇಸ್ತವಾರದ್ದು,” ಎಂದಳು ಮಹಾನಂದಾ. ಬುಧವಾರವೇ ಹೊರಟವಳ ಗುರುವಾರದ ಕಿಸೆ ಬರಿದಾಗಿದ್ದದ್ದನ್ನು ನಾನು ಸರಿ ಎಂದುಕೊಂಡಿದ್ದೆ. “ನಸಕಿನ್ಯಾಗ ನನ್ನ ಮುಂದ ಬಿಚ್ಚಿ ತಗೊಂಡ್ರು. ನೋಡ ಮಾನಂದಾ, ಊರಿಗೆ ಬಂದ್ರೂ ಹುಡಕೂ ತ್ರಾಸ ಇಲ್ಲ ಅಂದ್ರು. ಜಳಕಾ ಮಾಡಿ ಪೂಜಾಕ್ಕ ಕುಂತ್ರು. ನಾ ಪ್ರಸಾದಕ್ಕ ಕರ್ಯಾಕ ಹೋದ್ನಿ…” ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಸಂಜು ಯಾವಾಗಲೋ ಬಾಗಿಲಿಗೆ ಬಂದು ನಿಂತಿದ್ದ. ಹೊರಗೆ ಹೋಗಿ ಡಿಕ್ಕಿ ತೆರೆದ ಸದ್ದಾಯಿತು. ಗುಳಿಗೆಯ ಹೊಸ ಪಾಕೀಟು ತಂದು ನನ್ನ ಮುಂದಿಟ್ಟ. “ಬುಧವಾರ ತಗೊಂಡಿದ್ನಿ ಅಪ್ಪಾ. ಒಳಗ ತರಾಕ ಕಾಲ ಬರಲಿಲ್ಲ, ಚೆಲ್ಲಾಕ ಕೈ ಬರಲಿಲ್ಲ. ಎಲ್ಲಿಡಬೇಕು ಅಂತ ಇಕಿ ಕೂಡನೂ ಮಾತಾಡಿದ್ನಿ. ಇಕಿಗೂ ತಿಳೀಲಿಲ್ಲ.”

ಆ ಮನೆಯಲ್ಲಿ ಜಾಗವಿಲ್ಲದ ಸಾಮಾನು ಅದೊಂದೇ.

“ಔಷಧದ ಅಂಗಡಿಗೆ ತಿರುಗಿ ಕೊಡು,” ಎಂದೆ. “ಯಾರಿಗರೆ ಬೇಕಾದೀತು.” ಆಮೇಲೆ ಸೊಸೆಯ ಕಡೆ ತಿರುಗಿದೆ. “ಆ ಅರಿವಿ ಯಾಕ ಒಗದಿದ್ದಿ ಯವ್ವಾ?”

ಅವಳು ಕಣ್ಣೊರೆಸಿಕೊಂಡು ಒಳಗೆ ಹೋಗಿ ಅದನ್ನು ತಂದಳು. ಕಿಸೆಗಳು ತುಂಬಿದ್ದವು. ಒಂದರಲ್ಲಿ ನನ್ನ ಚಷ್ಮಾ ಒರೆಸುವ ತುಂಡು, ಒಂದರಲ್ಲಿ ಕಣ್ಣಿನ ಹನಿ, ಒಂದರಲ್ಲಿ ಬೀಗದಕೈ, ಒಂದರಲ್ಲಿ ನನ್ನ ಲಿಂಗವಸ್ತ್ರ. “ಅತ್ತಿಯವರಿಲ್ಲದ ನೀವು ಒಂದೊಂದಕ್ಕೂ ಹುಡುಕ್ಯಾಡಬಾರದು ಅಂತ ಅವತ್ತ ಒಗದೇನಿ. ಆರಾಧನಿ ಆದಮ್ಯಾಲ ತೂಗ ಹಾಕೂಣು ಅಂತ ಇವತ್ತ ತುಂಬಿಟ್ಟೇನ್ರಿ,” ಎಂದಳು. “ಚಾದ ಡಬ್ಬಿನೂ ಅದಕ್ಕೇ ಕೆಳಗ ಇಟ್ಟೇನಿ. ನನ್ನ ಕೈಯಾನ ಚಾ ನೀವು ಕುಡೀವಲ್ರಿ. ನೀವೇ ಮಾಡಿಕೊಂಡರ ಕುಡೀಬಹುದು ಅಂತ.”

ತುಳಸಿಗೆ ಸುರಿದದ್ದನ್ನು ಅವಳು ನೋಡಿದ್ದಳು.

“ತಪ್ಪಾತವ್ವ,” ಎಂದೆ. ಹಿಂದೊಮ್ಮೆ ಅವಳು ನಮ್ಮ ಮಾತು ತಪ್ಪು ತಿಳಿದಾಗ ಮನೆಯೆಲ್ಲ ನಕ್ಕಿತ್ತು. ಅದೇ ಮಾತನ್ನು ಅವಳ ಬಾಯಿಂದ ಕೇಳಿ ನಾನು ತಪ್ಪು ತಿಳಿದು, ನಗಬೇಕಾದವಳನ್ನು ಅಳಿಸಿದ್ದೆ. ಅಂದು ಅವಳು ಮಾಡಿಕೊಟ್ಟ ಚಹಾ ಬಿಸಿಬಿಸಿಯಾಗಿಯೇ ಕುಡಿದೆ. ಏಳುವಾಗ ಎಲ್ಲರ ಕಪ್ಪು ಎತ್ತಿಕೊಂಡು, ಉರುಳಿದ್ದ ತಂಬಿಗೆಯನ್ನೂ ಬೆರಳಿಗೆ ಸಿಕ್ಕಿಸಿಕೊಂಡು ಒಳಗೆ ನಡೆದೆ.

“ಮಾವ, ಬಿಡ್ರಿ, ನಾ ತರತೇನಿ!” ಎಂದು ಉಮಾಶ್ರೀ ಹಿಂದೆಯೇ ಬಂದಳು.

“ಬರಿಗೈಲೇ ಹೋದ್ರ ನಿಮ್ಮತ್ತಿ ಬೈತಾಳ,” ಎಂದೆ.

ಸಂಜೆ ದೀಪ ಹಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಎಷ್ಟೋ ದಿನಗಳ ಮೇಲೆ ದೃಷ್ಟಿ ಅಲ್ಲಿಯೇ ನಿಂತಿತು.

ಶಿವನೇ, ನಮ್ಮ ಮನೆಯಲ್ಲಿ ತಂಗೆವ್ವ ತೀರಿದಳು ಎಂದು ನಾನು ಹೇಳಲಾರೆ. ಹೆಚ್ಚಾದಳು ಎನ್ನುತ್ತೇನೆ, ನೀನು ಸರಿಯಾಗಿ ತಿಳಿದುಕೋ. ಎಲ್ಲಕ್ಕೂ ಜಾಗ ಮಾಡಿಟ್ಟವಳು ಅವಳು, ನಿನ್ನಲ್ಲಿ ಅವಳಿಗೊಂದು ಜಾಗವಿರಲಿ. ಅಲ್ಲಿ ಏನಾದರೂ ಚೆಲ್ಲಾಪಿಲ್ಲಿ ಬಿದ್ದಿದ್ದರೆ ಅವಳ ಕಣ್ಣಿಗೆ ಬೀಳಿಸಬೇಡ, ಎದ್ದು ಜೋಡಿಸಲು ಹೋಗುತ್ತಾಳೆ. ಅವಳು ಉಳಿಸಿದ ಹೊತ್ತೆಲ್ಲ ಈಗ ಅವಳದಾಗಲಿ. ನಿನ್ನ ಪಕ್ಕದಲ್ಲಿ ಸುಮ್ಮನೆ ಕುಳಿತಿರಲಿ ತಂದೆ. ಅವಳಿಗೆ ಶಾಂತಿ ಕೊಡು.